ನಾನು ಹಾಕಿಸಗೊಡದ ಫುಟ್‌ರೆಸ್ಟ್

ನನ್ನ ಗಂಡನ ಹತ್ತಿರ ಎರಡು ಸೈಲೆನ್ಸರಿನ ಹಳೇ ಮೋಟಾರ್‌ಸೈಕಲ್ ಇತ್ತು. ನಮ್ಮ ಮದುವೆಯಾದ ಮೂರನೇ ವರ್ಷಕ್ಕೆ ತಂದಿದ್ದು. ಎರಡು ವರ್ಷದ ಹಿಂದೆ ಅದನ್ನು ಮಾರಿದರು. ವಯಸ್ಸಾಯಿತು, ಅದಕ್ಕೇ ಮಾರಿದರು ಎಂದು ಮನೆಯವರೆಲ್ಲ ತಿಳಿದುಕೊಂಡಿದ್ದಾರೆ. ಹಾಗಲ್ಲ. ಮಾರುವ ಹಾಗೆ ಮಾಡಿದವಳು ನಾನು.

ಅವರು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತು ದುಡಿದವರು. ನಿಂತು ನಿಂತು ಬಲಗಾಲಿನ ಮಂಡಿ ಹೋಯಿತು. ಕೆಲಸ ಬಿಟ್ಟ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಯಿಂದ ಗಾಡಿ ತೆಗೆದು ಜ್ಞಾನಭಾರತಿಗೆ ಹೋಗುತ್ತಿದ್ದರು. ಅಲ್ಲಿ ಮರದ ಕೆಳಗೆ ಇವರ ಹಾಗೇ ಹಳೇ ಗಾಡಿ ಇಟ್ಟುಕೊಂಡ ಮೂರು ನಾಲ್ಕು ಜನ ಸೇರುತ್ತಿದ್ದರು. ಟೀ ಕುಡಿಯುವುದು, ಒಬ್ಬರ ಗಾಡಿಯನ್ನು ಇನ್ನೊಬ್ಬರು ಬಗ್ಗಿ ನೋಡುವುದು, ಹನ್ನೊಂದು ಗಂಟೆಗೆ ವಾಪಸು ಬರುವುದು. ಅಷ್ಟೇ ಇದ್ದದ್ದು. ಆದರೆ ಶನಿವಾರ ಸಂಜೆಯಿಂದಲೇ ಅವರ ಮುಖ ಬೇರೆಯಾಗುತ್ತಿತ್ತು. ಗಾಡಿ ಒರೆಸುವಾಗ ಕರೆದರೆ ಕಿವಿಗೆ ಕೇಳಿಸುತ್ತಿರಲಿಲ್ಲ.

ಆ ಗಾಡಿಯ ಫುಟ್‌ರೆಸ್ಟ್ ಸ್ವಲ್ಪ ಮೇಲೆ, ಸ್ವಲ್ಪ ಹಿಂದೆ. ಮಂಡಿ ಮಡಚಿಯೇ ಕೂರಬೇಕು. ನೋವು ಹೆಚ್ಚಾದ ಮೇಲೆ ಭಾನುವಾರ ಮನೆಗೆ ಬಂದವರು ಹೆಲ್ಮೆಟ್ಟನ್ನೂ ತೆಗೆಯದೆ ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ಕೂತಿರುತ್ತಿದ್ದರು. ಡಾಕ್ಟರು ಹೇಳಿದ್ದು ಇಷ್ಟು: ಪೂರ್ತಿ ಮಡಚಬೇಡಿ, ಆದರೆ ಆಡಿಸುವುದನ್ನು ಬಿಡಬೇಡಿ, ಬಿಟ್ಟರೆ ಬಿಗಿದುಕೊಳ್ಳುತ್ತದೆ.

ನಮ್ಮ ಮೊಮ್ಮಗಳು ಫೋನಿನಲ್ಲಿ ಹುಡುಕಿ ಒಂದು ಸಾಮಾನು ತೋರಿಸಿದಳು.

"ತಾತ, ಇಲ್ನೋಡಿ. ಮುಂದಕ್ಕೆ ಹಾಕೋ ಫುಟ್‌ರೆಸ್ಟ್. ನಿಮ್ಮ ಗಾಡಿಗೇ ಅಂತ ಮಾಡಿರೋದಂತೆ."

"ಕಂಪ್ನೀದಾ?"

"ಅಲ್ಲ, ಹೊರಗಡೆಯೋರು ಮಾಡೋದು. ನಾಲ್ಕಿಂಚು ಮುಂದೆ ಬರುತ್ತೆ, ಎರಡಿಂಚು ಕೆಳಗೆ. ಕಾಲು ನೀಟಾಗಿ ಚಾಚ್ಕೊಂಡು ಕೂತ್ಕೋಬಹುದು."

"ಕಾಲು ಚಾಚ್ಕೊಂಡು ಮಲ್ಗೋಕೆ ಮಂಚ ಇದೆ ಮನೇಲಿ," ಎಂದೆ ನಾನು.

ಅಜ್ಜಿಯ ಮಾತು ಯಾರಿಗೂ ಬೇಕಿರಲಿಲ್ಲ. ಅವರಾಗಲೇ ಸ್ಕೇಲು ಹಿಡಿದು ಗಾಡಿಯ ಹತ್ತಿರ ಹೋಗಿದ್ದರು.

ವಾರದೊಳಗೆ ಪಾರ್ಸಲ್ ಬಂತು. ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಎರಡು ಕಬ್ಬಿಣದ ತೋಳುಗಳನ್ನೂ ಕಾಲಿಡಲು ರಬ್ಬರ್ ಹಾಕಿದ ಎರಡು ಗೂಟಗಳನ್ನೂ ಜೋಡಿಸಿಟ್ಟು, ಒಂದೊಂದು ತೂತನ್ನೂ ಅಳೆದರು. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. "ಕರೆಕ್ಟಾಗಿದೆ ಕಣೇ. ಬೋಲ್ಟ್ ಹಾಕಿ ಬಿಗಿದ್ರೆ ಆಯ್ತು, ವೆಲ್ಡಿಂಗೂ ಬೇಡ ಏನೂ ಬೇಡ," ಎಂದರು. ತಾವೇ ಹಾಕಿಕೊಳ್ಳುತ್ತಿದ್ದರು, ಆದರೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಲು ಮಂಡಿ ಬಿಡದು. ಬ್ರೇಕಿನ ಕಡ್ಡಿಯನ್ನೂ ಮುಂದಕ್ಕೆ ತರಬೇಕಿತ್ತು. ಆದ್ದರಿಂದ ಗುರುವಾರ ಲಗ್ಗೆರೆಯಲ್ಲಿದ್ದ ತಮ್ಮ ಹಳೇ ಮೆಕ್ಯಾನಿಕ್ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು.

ಬುಧವಾರವೇ ನಾನು ಆಟೋ ಹತ್ತಿ ಲಗ್ಗೆರೆಗೆ ಹೋದೆ.

ಯಾಕೆ ಹೋದೆ ಎಂದು ಈಗ ಸುಳ್ಳು ಹೇಳುವುದಿಲ್ಲ. ಬಿದ್ದುಬಿಡುತ್ತಾರೆ ಎಂಬ ಹೆದರಿಕೆ ಇತ್ತು. ಆದರೆ ಅದು ಅರ್ಧ. ಇನ್ನರ್ಧ ಹೊಟ್ಟೆಯುರಿ. ಆ ಗಾಡಿಯ ಹಿಂದೆ ನಾನು ಸೀರೆಯುಟ್ಟು, ಒಂದೇ ಕಡೆಗೆ ಕಾಲು ಹಾಕಿಕೊಂಡು, ಮೂವತ್ತೈದು ವರ್ಷ ಕೂತಿದ್ದೇನೆ. ಕಾಲಿಡಲು ಇದ್ದದ್ದು ಒಂದು ಮೋಟು ರಬ್ಬರ್ ಗೂಟ. ಒಂದು ಪಾದ ಅದರ ಮೇಲೆ, ಇನ್ನೊಂದು ಗಾಳಿಯಲ್ಲಿ, ಕೆಳಗೆ ಕಾದ ಸೈಲೆನ್ಸರ್. ಎಡಗಾಲಿನ ಗಂಟಿನ ಹತ್ತಿರ ಸುಟ್ಟ ಕಲೆ ಇವತ್ತಿಗೂ ಇದೆ. ಕೆಂಗೇರಿಯ ತಂಗಿ ಮನೆಗೆ ಹೋಗಿ ಇಳಿದರೆ ಸೊಂಟದಿಂದ ಕೆಳಗೆ ಜೋಮು ಹಿಡಿದು, ಅವಳ ಗೇಟನ್ನು ಹಿಡಿದುಕೊಂಡು ನಿಂತಿರುತ್ತಿದ್ದೆ. ಬೇರೆಯವರ ಗಾಡಿಗಳಲ್ಲಿ ಹೆಂಗಸರಿಗೆಂದು ಎರಡು ಪಾದ ಊರುವಷ್ಟು ಅಗಲದ ಪಟ್ಟಿ ಹಾಕಿಸಿರುತ್ತಿದ್ದರು. ಅದನ್ನು ಸಿಗ್ನಲ್ಲಿನಲ್ಲಿ ನೋಡುತ್ತಿದ್ದೆ. ಇವರೋ ಕಬ್ಬಿಣದ ಕೆಲಸದವರು. ಒಂದು ದಿನವೂ ಕಾಲು ನೋಯುತ್ತದಾ ಎಂದು ಕೇಳಲಿಲ್ಲ. ತಮ್ಮ ಮಂಡಿ ನೋಯತೊಡಗಿದಾಗ ಮಾತ್ರ ಮನೆಗೆ ಪಾರ್ಸಲ್ ಬಂತು.

ಮೆಕ್ಯಾನಿಕ್ಕಿಗೆ ಸುತ್ತಿ ಬಳಸಿ ಹೇಳಲಿಲ್ಲ.

"ನಾಳೆ ಸಾರ್ ಬರ್ತಾರೆ. ಫುಟ್‌ರೆಸ್ಟ್ ಹಾಕು ಅಂತಾರೆ. ಆಗಲ್ಲ ಅಂತ ಹೇಳಿ ಕಳಿಸ್ಬಿಡಪ್ಪ."

"ಅಯ್ಯೋ ಆಂಟಿ, ಸಾರ್ ನಂಬ್ತಾರಾ? ನಮಗೇ ಪಾಠ ಹೇಳೋರು ಅವರು."

"ನಂಬೋ ಹಂಗೆ ಹೇಳು."

"ಪಾಪ ಆಂಟಿ, ಗಾಡಿ ಅಂದ್ರೆ ಪ್ರಾಣ ಅವರಿಗೆ. ಆರಾಮಾಗಿ ಓಡಿಸ್ಕೊಂಡಿರ್ಲಿ ಬಿಡಿ."

"ಬಿದ್ದು ಸೊಂಟ ಮುರ್ಕೊಂಡ್ರೆ ನೀನು ಬಂದು ಬೆಡ್‌ಪ್ಯಾನ್ ಇಡ್ತೀಯಾ?"

ಅವನು ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಕೈ ಒರೆಸಿಕೊಂಡ. ಆಮೇಲೆ "ಆಯ್ತು ಆಂಟಿ," ಎಂದ.

ಮಾರನೇ ದಿನ, ಆ ಕಡೆ ತರಕಾರಿ ಚೆನ್ನಾಗಿ ಸಿಗುತ್ತದೆ ಎಂದು ನೆಪ ಹೇಳಿ ನಾನೂ ಗಾಡಿಯ ಹಿಂದೆ ಕೂತು ಹೋದೆ. ಅವನು ಮಾತಿಗೆ ತಪ್ಪುತ್ತಾನೋ ಎಂಬ ಅನುಮಾನ. ತಪ್ಪಲಿಲ್ಲ. ಗಾಡಿಯ ಸುತ್ತ ಎರಡು ಸಲ ಬಂದು, ಕೂತು ನೋಡಿದ ಹಾಗೆ ಮಾಡಿ, ಇವರ ಮುಖ ನೋಡದೆ ಹೇಳಿದ.

"ಕಷ್ಟ ಸಾರ್. ವೆಲ್ಡಿಂಗ್ ಕೊಡ್ಬೇಕಾಗುತ್ತೆ. ಫ್ರೇಮ್ ಹಳೇದು. ಶಾಖ ಕೊಟ್ರೆ ಕ್ರ್ಯಾಕ್ ಬಿಡುತ್ತೆ."

ಇವರು ಒಂದು ತೋಳನ್ನು ಕೈಗೆ ತೆಗೆದುಕೊಂಡು, ಬೋಲ್ಟ್ ಹಾಕುವ ತೂತುಗಳ ಮೇಲೆ ಹೆಬ್ಬೆಟ್ಟು ಆಡಿಸಿದರು. ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಎದುರಿನ ಅಂಗಡಿಯ ಟೊಮೇಟೊ ನೋಡಿದೆ.

"ಹಂಗಾ? ಸರಿ ಬಿಡಪ್ಪ," ಎಂದರು.

ಬೇರೆ ಮೆಕ್ಯಾನಿಕ್ ಹತ್ತಿರ ಹೋಗಬಹುದಿತ್ತು, ಹೋಗಲಿಲ್ಲ. ಜಗಳವಾಡಬಹುದಿತ್ತು, ಆಡಲಿಲ್ಲ. ನಾನು ಗೆದ್ದೆ ಎಂದುಕೊಂಡು ಆ ದಿನ ಎರಡು ಕೇಜಿ ಟೊಮೇಟೊ ತಂದೆ. ಎರಡು ತಿಂಗಳೊಳಗೆ ಅವರು ಗಾಡಿಯನ್ನು ಕೆಂಗೇರಿಯ ಕಡೆಯ ಒಬ್ಬ ಕಾಲೇಜು ಮೇಷ್ಟರಿಗೆ ಮಾರಿಬಿಟ್ಟರು. ಮೇಷ್ಟರು ಗಾಡಿ ತೆಗೆದುಕೊಂಡು ಹೋಗುವಾಗ ಇವರು ಬಾಗಿಲಿಗೂ ಬರಲಿಲ್ಲ, ಸ್ನಾನಕ್ಕೆ ಹೋದರು.

ಆಮೇಲೆ ಮನೆಯಲ್ಲೇ ಕೂತರು. ಮೊಮ್ಮಗಳು ಸ್ಕೂಟರಿನಲ್ಲಿ ಜ್ಞಾನಭಾರತಿಗೆ ಬಿಟ್ಟು ಬರುತ್ತೇನೆಂದು ಕರೆದಳು. "ನಿನ್ನ ಹಿಂದೆ ಕೂತ್ಕೊಂಡು ಅವರ ಮುಂದೆ ಹೋಗಿ ಇಳೀಲಾ? ನಾಚಿಕೆಗೇಡು," ಎಂದರು. ವಾಕಿಂಗೂ ಬಿಟ್ಟರು. ಪೇಪರ್, ಟೀವಿ, ಊಟ, ಮತ್ತೆ ಟೀವಿ. ಬೀಳುವ ಭಯವಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಹೋದ ತಿಂಗಳು ಮಂಡಿ ತೀರಾ ಬಿಗಿದು, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕಾಲು ಹಿಡಿದು ಮಡಚಿ ನೋಡಿ, "ಎರಡು ವರ್ಷದ ಹಿಂದೆ ಇಷ್ಟಿರ್ಲಿಲ್ವಲ್ಲ. ಆಗ ಏನೋ ಗಾಡಿ ಓಡಿಸ್ತಿದ್ರಿ. ಯಾಕೆ ಬಿಟ್ರಿ?" ಎಂದು ಕೇಳಿದರು.

"ಗಾಡಿ ಹಳೇದಾಯ್ತು ಸಾರ್," ಎಂದರು ನನ್ನ ಗಂಡ.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಕಡೆ ತಿರುಗಲೇ ಇಲ್ಲ. ಅವತ್ತು ಲಗ್ಗೆರೆಯಲ್ಲಿ ನೋಡಿದ್ದಕ್ಕಿಂತ ಇದು ಜಾಸ್ತಿ ಚುಚ್ಚಿತು. ಮನೆಗೆ ಬಂದು ಮಂಚದ ಮೇಲೆ ಕೂರಿಸಿ, ಮಂಡಿಗೆ ಬಟ್ಟೆ ಸುತ್ತುತ್ತಾ ಹೇಳಿಬಿಟ್ಟೆ.

"ಫುಟ್‌ರೆಸ್ಟ್ ಕೂರಲ್ಲ ಅಂತ ಅವನ ಬಾಯಲ್ಲಿ ಹೇಳ್ಸಿದ್ದು ನಾನು."

"ಗೊತ್ತು ಕಣೇ."

"ಯಾವಾಗಿಂದ?"

"ಅವತ್ತೇ. ಬೋಲ್ಟ್ ಹಾಕೋ ಸಾಮಾನಿಗೆ ವೆಲ್ಡಿಂಗ್ ಕಥೆ ಹೇಳ್ದ. ನೀನು ನನ್ನ ಮುಖ ನೋಡ್ದೆ ಟೊಮೇಟೊ ನೋಡ್ತಿದ್ದೆ. ಮೂವತ್ತೆರಡು ವರ್ಷ ನಾನೇನು ಲೇತ್ ಮುಂದೆ ಕಡ್ಲೆಕಾಯಿ ತಿಂತಿದ್ನಾ?"

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಅವನ ಮುಂದೆ ಏನಂತ ಬಿಡ್ಲಿ? ನನ್ನ ಹೆಂಡ್ತಿ ಬಂದು ಸುಳ್ಳು ಹೇಳ್ಕೊಟ್ಟು ಹೋಗಿದಾಳೆ ಅಂತಲಾ?" ಮಂಡಿಯ ಬಟ್ಟೆಯನ್ನು ತಾವೇ ಸರಿಮಾಡಿಕೊಂಡು ಹೇಳಿದರು. "ಅಷ್ಟು ದೂರ ಹೋಗಿ ಬಂದಿದೀಯ ಅಂದ್ರೆ ಎಷ್ಟು ಹೆದ್ರಿದೀಯೋ ಅಂದ್ಕೊಂಡೆ. ಹೋಗ್ಲಿ ಅಂತ ಬಿಟ್ಟೆ."

ಅಲ್ಲಿಗೇ ಸುಮ್ಮನಾಗಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಹೆದರಿಕೊಂಡ ಹೆಂಡತಿಯಾಗಿಯೇ ಉಳಿಯುತ್ತಿದ್ದೆ. ಆದರೆ ಅರ್ಧ ಹೇಳಿ ಅರ್ಧ ಇಟ್ಟುಕೊಳ್ಳುವುದು ನನ್ನಿಂದಾಗದು. ಹೊಟ್ಟೆಯುರಿಯನ್ನೂ ಹೇಳಿದೆ, ಗೂಟದ ಮೇಲೆ ಒಂದೇ ಕಾಲಿಟ್ಟು ಕೂತದ್ದನ್ನೂ ಹೇಳಿದೆ.

ಅವರು ನನ್ನ ಪಾದದ ಕಡೆ ನೋಡಿದರು. "ಅಷ್ಟು ನೋಯ್ತಿತ್ತಾ?"

"ನೋಯ್ದೆ ಇರುತ್ತಾ?"

"ಒಂದ್ಸಲ ಹೇಳಿದ್ರೆ ಆಗ್ತಿತ್ತಲ್ಲೇ."

"ನೀವು ಒಂದ್ಸಲ ಕೇಳಿದ್ರೂ ಆಗ್ತಿತ್ತು."

"ಹೌದು," ಎಂದರು. "ಒಂದು ಪಟ್ಟಿ ಕತ್ತರಿಸಿ ಹಾಕೋಕೆ ಅರ್ಧ ದಿನ ಸಾಕಿತ್ತು."

ಹೇಳಿದ್ದರೆ ಆ ಅರ್ಧ ದಿನದಲ್ಲಿ ಹಾಕಿಬಿಡುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೇಳಿರಲಿಲ್ಲ. ಕೇಳಲಿ ಎಂದು ಕಾಯುತ್ತಾ ಕೂತಿದ್ದೆ.

"ಕೆಂಗೇರಿ ಮೇಷ್ಟ್ರನ್ನ ಕೇಳ್ಲಾ? ವಾಪಸ್ ಕೊಟ್ರೂ ಕೊಡ್ತಾರೆ," ಎಂದೆ.

ಅವರು ಮಂಚ ಹಿಡಿದುಕೊಂಡು ಎದ್ದು ನಿಂತು, ಸೀಟಿನ ಮೇಲೆ ಹಾಕುವ ಹಾಗೆ ಬಲಗಾಲನ್ನು ಪಕ್ಕಕ್ಕೆ ಎತ್ತಿದರು. ಕಾಲು ಮಂಚದ ಅಂಚಿನವರೆಗೂ ಬರಲಿಲ್ಲ. ಇನ್ನೊಮ್ಮೆ ಎತ್ತಿದರು. ಅಲ್ಲಿಗೇ ನಿಂತಿತು.

"ಸೀಟು ಇದಕ್ಕಿಂತ ಎತ್ತರ," ಎಂದು ಕೂತರು.

"ಬೈದಾದ್ರೂ ಬೈದುಬಿಡಿ."

"ಬೈದ್ರೆ ಮಂಡಿ ಬಗ್ಗುತ್ತಾ?"

ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಮುಗಿಸುತ್ತಿದ್ದೆ. ಅವರು ಬೈಯುವುದಿಲ್ಲ. ದಿನಾ ಎರಡು ಹೊತ್ತು ಬಿಸಿನೀರಿನ ಚೀಲ ತಂದು ಆ ಮಂಡಿಯ ಮೇಲೆ ಇಡುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ, ಅವರು ಗಾಡಿ ತೆಗೆಯುತ್ತಿದ್ದ ಹೊತ್ತಿಗೆ, ಆ ಕೆಲಸ ಮೊಮ್ಮಗಳಿಗೆ ಹೇಳುತ್ತೇನೆ. ಆ ಫುಟ್‌ರೆಸ್ಟ್ ಮೇಲೆ ಕಾಲು ಚಾಚಿ ಕೂತಿದ್ದರೆ ಇನ್ನೂ ಮೂರು ನಾಲ್ಕು ವರ್ಷ ಅವರು ಗಾಡಿ ಓಡಿಸುತ್ತಿದ್ದರು. ಅಷ್ಟನ್ನು ನಾನು ತೆಗೆದುಬಿಟ್ಟೆ.