ಇಲಿಕೋಣೆಯಲ್ಲಿ ಊದಿದ ಬೆರಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಾಗಪುರದ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಅಪ್ಪನಿಗೆ ಧಾರವಾಡದಿಂದ ವರ್ಗವಾಗಿ ಅಲ್ಲಿನ ಸದರ್ ಬಡಾವಣೆಯಲ್ಲಿ ಮನೆ ಮಾಡಿದ್ದೆವು. ನನ್ನ ಕೆಲಸ ಬಿಳಿ ಇಲಿಗಳ ಜೊತೆ. ಸೋಂಕು ತಗುಲಿದಾಗ ಉರಿಯೂತ ಎಬ್ಬಿಸಲು ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನೊಂದಿದೆ. ಅದನ್ನು ಮೂರು ವಾರ ದಿನಾ ಇಲಿಗಳಿಗೆ ಚುಚ್ಚಿ, ಅವುಗಳ ರೋಗನಿರೋಧಕ ಶಕ್ತಿ ಏನಾಗುತ್ತದೆಂದು ನೋಡಬೇಕಿತ್ತು. ಹೆಚ್ಚುತ್ತದೆಂದೇ ನಾನು ನಂಬಿದ್ದೆ.

ಇಲಿಕೋಣೆಗೆ ಕಿಟಕಿ ಇರಲಿಲ್ಲ. ಒಂದು ದಿನ ಚುಚ್ಚುಮದ್ದು ತಪ್ಪಿದರೂ ಇಡೀ ಪ್ರಯೋಗ ದಂಡ. ಹಾಗಾಗಿ ಭಾನುವಾರವಿಲ್ಲ, ದೀಪಾವಳಿಯಿಲ್ಲ. ಪ್ರಮಾಣ ಗೊತ್ತುಮಾಡುವ ಸುತ್ತುಗಳು ಮುಗಿದು ಮುಖ್ಯ ಸುತ್ತು ಶುರುವಾದ ಎರಡನೆಯ ಚಳಿಗಾಲದಲ್ಲಿ ಬೆಳಗಿನ ಹೊತ್ತು ನನ್ನ ಬೆರಳುಗಳು ಮಡಚದಾದವು. ಗೆಣ್ಣುಗಳು ಕೆಂಪಾಗಿ ಊದಿದವು. ಏನೆಂದು ನನಗೆ ಹೊಳೆದಿತ್ತು. ಸಂಧಿವಾತದವರ ಕೀಲುಗಳಲ್ಲಿ ಇದೇ ಪ್ರೋಟೀನು ಮಿತಿಮೀರಿ ತುಂಬಿರುತ್ತದೆಂದು ನಾನೇ ಓದಿ ಗುರುತು ಹಾಕಿಕೊಂಡಿದ್ದೆ. ಆದರೂ ಡಾಕ್ಟರರ ಬಳಿ ಹೋಗಲಿಲ್ಲ. ಕಾಯಿಲೆಗೆ ಹೆಸರು ಬಂದರೆ ಮಾರ್ಗದರ್ಶಕರು ಇಲಿಗಳನ್ನು ಬೇರೆಯವರಿಗೆ ಒಪ್ಪಿಸುತ್ತಿದ್ದರು. ಮನೆಯಲ್ಲಿ ಕೂತರೆ ಮುಂದೇನೆಂಬುದು ಗೊತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ, ದೊಡ್ಡ ಅಳತೆಯ ಕೈಗವಸು ಹಾಕಿಕೊಂಡು ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಹಿಡಿತ ಸಡಿಲಿ ಇಲಿ ನೆಲಕ್ಕೆ ಬಿತ್ತು. ಪಂಜರ ತೊಳೆಯುತ್ತಿದ್ದ ಮರಾಠಿ ಹೆಂಗಸು, ನಾವೆಲ್ಲ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವಳು, ಅದನ್ನು ಹಿಡಿದು ಪಂಜರಕ್ಕೆ ಬಿಟ್ಟು ನನ್ನ ಕೈಗವಸು ಎಳೆದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಯಾರಿಗೂ ಹೇಳಬೇಡ ಎಂದೆ. ಉಳಿದ ಒಂಬತ್ತು ದಿನ ಅವಳು ಇಲಿ ಹಿಡಿದಳು, ನಾನು ಚುಚ್ಚಿದೆ. ಒಂದು ದಿನವೂ ಆ ಮಾತು ಮತ್ತೆ ಎತ್ತಲಿಲ್ಲ.

ಕೊನೆಗೆ ಇಲಿಗಳ ಹೊಟ್ಟೆಯಲ್ಲಿನ ಗುಲ್ಮವೆಂಬ ಅಂಗದಿಂದ ರೋಗದೊಡನೆ ಹೋರಾಡುವ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ರೋಗಾಣುವಿನ ಅಂಶ ಸೋಕಿಸಿ ಕೆಣಕಿ ನೋಡಿದೆ. ಅವು ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ದಿನಾ ಸುದ್ದಿ ಸುರಿದು ಸುರಿದು ಅವು ಮಂಕಾಗಿದ್ದವು. ಉಳಿದ ಕೋಶಗಳಲ್ಲಿ ಮತ್ತೆ ಮಾಡಿದರೂ ಅಷ್ಟೇ.

ಆ ಫಲಿತಾಂಶ ಬಂದ ಸಂಜೆ ಅವ್ವನ ಮುಂದೆ ಕೈ ಚಾಚಿದೆ. ಅವಳು ಒಂದೊಂದೇ ಬೆರಳು ಮುಟ್ಟಿ ನೋಡಿದಳು.

“ಮೊದಲ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಲ್ಯಾಬ್ ಬಿಡಸ್ತಿದ್ರಿ.”

“ಹೌದು, ಬಿಡಸ್ತಿದ್ದೆ,” ಎಂದಳು ಅವ್ವ. ಸುಳ್ಳು ಹೇಳಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆವು; ಸಂಧಿವಾತವೇ ಎಂದರು. ವಿಷಯ ತಿಳಿದ ಮಾರ್ಗದರ್ಶಕರು ನನ್ನನ್ನು ಲ್ಯಾಬಿನಿಂದ ತೆಗೆಯಲಿಲ್ಲ, ಆದರೆ ಇಲಿಕೋಣೆಗೆ ಬರಬಾರದೆಂದರು. ಪ್ರಬಂಧ ಮುಗಿಯಲು ಇನ್ನೆರಡು ವರ್ಷ ಹಿಡಿಯಿತು. ತಡವಾಗಿ ಶುರುವಾದ ಔಷಧಿ ಊತ ಇಳಿಸಿತು, ಎಡಗೈಯ ಎರಡು ಬೆರಳು ಮಾತ್ರ ಬಾಗಿಯೇ ಉಳಿದವು. ಬೆಳಗಿನ ಚಹಾವನ್ನು ಈಗಲೂ ಎರಡೂ ಕೈಯಲ್ಲಿ ಹಿಡಿದೇ ಕುಡಿಯುತ್ತೇನೆ.