ಶೈಲಶ್ರೀಯ ಸೂರ್ಯ

ಚಿತ್ತವಾಡ್ಗಿಯ ಶೈಲಶ್ರೀ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಕಣ್ಣಿಗೆ ಕಾಣದ ವಸ್ತುವನ್ನು. ಜಗತ್ತಿನಲ್ಲಿ ಈ ಕಪ್ಪು ದ್ರವ್ಯವೇ ಹೆಚ್ಚು ಎನ್ನುತ್ತಾರೆ, ಕಂಡವರು ಮಾತ್ರ ಯಾರೂ ಇಲ್ಲ. ಅದು ಸೂರ್ಯನ ಒಡಲಲ್ಲಿ ಕೂಡಿಕೊಂಡು ತನಗೆ ತಾನೇ ಡಿಕ್ಕಿ ಹೊಡೆದರೆ, ಭಾರಿ ಶಕ್ತಿಯ ನ್ಯೂಟ್ರಿನೊಗಳೆಂಬ ಸೂಕ್ಷ್ಮ ಕಣಗಳು ಭೂಮಿಯನ್ನೇ ತೂರಿ ಬರಬೇಕು. ದಕ್ಷಿಣ ಧ್ರುವದ ಹಿಮದಲ್ಲಿ ಹೂತಿಟ್ಟ ಉಪಕರಣಗಳು ಅವುಗಳಿಗಾಗಿ ಕಾದಿದ್ದವು. ಸೂರ್ಯನ ದಿಕ್ಕಿನಿಂದ ಬಂದವನ್ನು ಹೆಕ್ಕುವುದು ಇವಳ ಕೆಲಸ. ಹೊರದೇಶದಲ್ಲಿ ಮಾಡುತ್ತಿದ್ದ ಪಿಎಚ್.ಡಿ. ನಿಂತಿದ್ದೇ ಅದರ ಮೇಲೆ.

ಈ ಸಂಶೋಧನೆಯ ಮಂದಿಯದೊಂದು ಕಟ್ಟುನಿಟ್ಟು. ಲೆಕ್ಕದ ಪ್ರೋಗ್ರಾಂ ಮುಗಿಸಿ ಬೀಗ ಹಾಕುವವರೆಗೂ ನಿಜವಾದ ಮಾಹಿತಿ ನೋಡುವಂತಿಲ್ಲ, ನೋಡಿದ ಮೇಲೆ ತಿದ್ದುವಂತಿಲ್ಲ. ಆಸೆ ಎಲ್ಲಿ ಕಣ್ಣು ಕೆಡಿಸುತ್ತದೋ ಎಂಬ ಭಯ. ನೋಡಲು ಅನುಮತಿ ಬಂದದ್ದು ೨೦೦೭ರಲ್ಲಿ, ಅವಳು ರಜೆಗೆ ಊರಿಗೆ ಬಂದಿದ್ದಾಗ. ಅದಿರು ಲಾರಿಗಳಿಗೆ ಕಿಟಕಿ ಗಡಗಡ ಅನ್ನುತ್ತಿದ್ದ ಕೋಣೆಯಲ್ಲಿ, ಕರೆಂಟ್ ಹೋದೀತೆಂದು ಜೀವ ಕೈಯಲ್ಲಿ ಹಿಡಿದು ಕೂತು ಗುಂಡಿ ಒತ್ತಿದಳು. ಪರದೆಯ ಮೇಲೆ, ಸೂರ್ಯನ ದಿಕ್ಕಿನಲ್ಲಿ, ನ್ಯೂಟ್ರಿನೊ ಚುಕ್ಕೆಗಳ ಗುಂಪು! ಹುಡುಕಿದ್ದು ಸಿಕ್ಕಿತೆಂದು ಅಪ್ಪನನ್ನು ಕೂಗಿ ಕರೆದಳು.

ಅಪ್ಪ ಚನ್ನಯ್ಯನವರಿಗೆ ತಡೆಯಲಾಗಲಿಲ್ಲ. ಮಗಳು ಬೇಡವೆಂದರೂ ಕೇಳದೆ ಕಂಪ್ಲಿಯ ತಮ್ಮ ಅಕ್ಕಿ ಗಿರಣಿಗೆ ಫೋನ್ ಮಾಡಿ, ಹಮಾಲರಿಗೆಲ್ಲ ಪೇಡೆ ಹಂಚಿಸಿದರು.

ಅಷ್ಟರಲ್ಲಿ ಅವ್ವ ಮರುಳಸಿದ್ದಮ್ಮ, ನಲ್ಲಿ ಬರುವ ಹೊತ್ತಾಯಿತೇನು ಎಂದು ಕೇಳಿದಳು. ಶೈಲಶ್ರೀ ಲ್ಯಾಪ್‌ಟಾಪಿನ ಗಡಿಯಾರ ನೋಡಿದಳು, ನೋಡುತ್ತಲೇ ಉಳಿದಳು. ನಲ್ಲಿ ನೀರು ತಪ್ಪಬಾರದೆಂದು ಹೋದ ರಜೆಯಲ್ಲಿ ಅದನ್ನು ಭಾರತದ ಸಮಯಕ್ಕೆ ತಿರುಗಿಸಿದ್ದವಳು ತಾನೇ. ಹಿಮದ ಉಪಕರಣಗಳದು ಗ್ರೀನಿಚ್ ಸಮಯ. ಸೂರ್ಯ ಎಲ್ಲಿದ್ದಾನೆಂದು ಅವಳ ಪ್ರೋಗ್ರಾಂ ಲೆಕ್ಕ ಹಾಕಿದ್ದು ಮಾತ್ರ ಈ ಗಡಿಯಾರದಿಂದ, ಐದೂವರೆ ತಾಸಿನಷ್ಟು ತಪ್ಪಾದ ಕಡೆ.

ಸಮಯ ಸರಿಪಡಿಸಿ ಮತ್ತೆ ಓಡಿಸಿದಳು. ಚುಕ್ಕೆಗಳು ಚೆದುರಿಹೋದವು, ಸೂರ್ಯನ ಸುತ್ತ ಏನೂ ಉಳಿಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ, ನೋಡಿದ ಮೇಲೆ ತಿದ್ದಿದ್ದು ಸದ್ಯಕ್ಕಂತೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೂ ಹಾಗೇ ಇರೋಣ ಅನ್ನಿಸಿತು, ಸುಳ್ಳೇಕೆ? ಒಂದೆರಡು ಸಲ ಫೋನ್ ಎತ್ತಿ ಇಟ್ಟಳು. ಕೊನೆಗೆ ತನ್ನ ಮಾರ್ಗದರ್ಶಕರಿಗೆ ಎಲ್ಲ ಹೇಳಿಬಿಟ್ಟಳು. ಅವರು ಬೈಯಲಿಲ್ಲ. ನೋಡಿಬಿಟ್ಟ ಮಾಹಿತಿಯನ್ನು ಇನ್ನು ಅವಳು ಮುಟ್ಟುವಂತಿಲ್ಲ, ಬೇರೆಯವರು ಮೊದಲಿನಿಂದ ಮಾಡಲಿ ಎಂದರು.

ಅಪ್ಪನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಚನ್ನಯ್ಯನವರು ಪೂರ್ತಿ ಕೇಳಿಸಿಕೊಂಡರು. ಗದರಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಇಷ್ಟ್ ವರ್ಷ ಓದಿ, ಸೂರ್ಯ ಯಾವ ಕಡಿ ಅದಾನ ಅಂತ ನೋಡ್ಲಿಲ್ಲೇನವಾ?" ಅಂದರು.

ಇಲ್ಲ ಎಂದಳು.