ಬೆರಕೆ ದ್ರಾಕ್ಷಿ

ನನ್ನ ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ, ಇನ್ಸುಲಿನ್ ಡಬ್ಬಗಳ ಹಿಂದೆ, ಒಂದು ಕೆಂಪು ವೈನಿನ ಬಾಟಲಿ ಅಡಗಿ ಕೂತು ವಾರವಾಯಿತು. ಮನೆಗೆ ತಂದರೆ ಬಾಗಿಲಾಚೆಯೇ ನಿಲ್ಲಿಸುತ್ತೇನೆಂದು ಹೆಂಡತಿ ಹೇಳಿದ್ದಾಳೆ. ಬಾಟಲಿಯನ್ನೋ ನನ್ನನ್ನೋ ಎಂದು ಕೇಳುವ ಧೈರ್ಯ ಬರಲಿಲ್ಲ. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದಂತೆ. ಏನು ಮಾಡಲಿ ಹೇಳಿ, ತಣ್ಣಗಿದ್ದರೆ ಕೆಡುವುದಿಲ್ಲ ಎಂಬುದೊಂದೇ ನನಗೆ ಗೊತ್ತಿರುವ ಶಾಸ್ತ್ರ. ಇವತ್ತು ಗಿರಾಕಿಗಳಿಲ್ಲದ ಹೊತ್ತು ನೋಡಿ ಬಿರಡೆ ಕಿತ್ತು ಮೂಸಿದೆ. ಬಲ್ಲವರಿಗೆ ಇದರಲ್ಲಿ ಕರಿಮೆಣಸು, ನೇರಳೆ, ಏನೇನೋ ಸಿಗುತ್ತವಂತೆ. ನನಗೆ ಸಿಕ್ಕಿದ್ದು ನೆಂದ ಗೋಣಿಚೀಲ.

ಇದನ್ನು ಕಳಿಸಿದ್ದು ನನ್ನ ಸೋದರಮಾವ ಪುಟ್ಟಸ್ವಾಮಿ. ಹಳೆಯ ಪೇಪರಿನಲ್ಲಿ ಸುತ್ತಿ, ನಾಗಮಂಗಲದ ಬಸ್ಸಿನ ಕಂಡಕ್ಟರ ಕೈಯಲ್ಲಿ, 'ಎಳ್ಳೆಣ್ಣೆ' ಎಂದು ಸುಳ್ಳು ಹೇಳಿ ಕೊಟ್ಟಿದ್ದಾನೆ. ಬಾಟಲಿಯ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಪದ: ಬಿಂಡಿಗನವಿಲೆ. ಅದು ಮಾವನ ಊರು. ಆ ಹೆಸರು ಅಲ್ಲಿ ಅಚ್ಚಾಗಲಿ ಎಂದು ಅವನು ಎಷ್ಟು ಕಾದಿದ್ದನೆಂದು ನನಗೆ ಗೊತ್ತು.

ಮಾವನದು ಮಳೆ ನಂಬಿದ ಹೊಲ. ರಾಗಿ, ಹುರುಳಿ, ಒಂದಷ್ಟು ಕುರಿ. ವೈನಿನ ಕಂಪನಿಯವನೊಬ್ಬ ಬಂದು ಕಲ್ಲುಮಿಶ್ರಿತ ಆ ಕೆಂಪು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹೊಗಳಿದಾಗ ಮಾವ ಕರಗಿಹೋದ. ಆ ಮಣ್ಣನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಬೋರು ಕೊರೆಸಿ, ಕಂಬ ನೆಟ್ಟು, ತಂತಿ ಎಳೆದು ಶಿರಾಜ್ ಎಂಬ ತಳಿಯ ಬಳ್ಳಿ ಹಾಕಿದ. ಊರವರು ಅದನ್ನು ಬ್ರಾಂದಿ ದ್ರಾಕ್ಷಿ ಎಂದರು, ಮಾವ ಸಲಿಗೆಯಿಂದ ಸಿರಾಜು ಎಂದ. ಕಾಳಿನಷ್ಟು ಹಣ್ಣು, ತುಂಬಾ ಬೀಜ, ದಪ್ಪ ಸಿಪ್ಪೆ. ತಿಂದವರೆಲ್ಲ ಉಗಿದರು. ಹಣ್ಣು ಚೆನ್ನಾಗಿ ಬಂದರೆ ಅದೊಂದರಿಂದಲೇ ವೈನು ಮಾಡಿ ಊರಿನ ಹೆಸರು ಹಾಕುತ್ತೇವೆಂದು ಕಂಪನಿಯವನು ಮಾತು ಕೊಟ್ಟಿದ್ದ.

"ಬಿಂಡಿಗನವಿಲೆ ಅಂದ್ರೆ ಯಾವ್ ಸೀಮೆ ಅಂತಾರೆ ಕಣ್ಲಾ ಜನ. ಇನ್ಮ್ಯಾಕೆ ಬಾಟ್ಲಿ ತೋರಿಸ್ತೀನಿ ನೋಡು," ಎಂದು ಮಾವ ನನ್ನೆದುರು ಎದೆ ಉಬ್ಬಿಸಿದ್ದ. ಹೆಂಡ ಮುಟ್ಟದ ಮನುಷ್ಯ ಅವನು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪ ಪಾಂಡವಪುರದ ನಾಲೆ ಬಯಲಿನ ಕಬ್ಬಿನ ಗೌಡರು. ನಾಲೆಯ ಕೆಳಗೆ ಹುಟ್ಟಿದವರಿಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು, ನೀರು. ಬೆಳೆ ಬಾಡಿದರೆ ನೀರು, ಹುಳ ಬಿದ್ದರೆ ನೀರು, ಕಟಾವಿಗೆ ಮುಂಚೆ ತೂಕಕ್ಕೆಂದು ಇನ್ನೊಂದು ನೀರು. ಮಾವ ಗೋವಿಂದನಹಳ್ಳಿಗೆ ಮದುವೆಗೆಂದು ಹೋದಾಗ ಹಣ್ಣು ಕುಯ್ಲಿಗೆ ಬಂದಿತ್ತು. ತೋಟ ಕಾಯಲು ಅಪ್ಪನನ್ನೇ ಕರೆಸಿಕೊಂಡಿದ್ದ. ಹಣ್ಣಿನಲ್ಲಿ ಸಿಹಿ ಗಟ್ಟಿಯಾಗಲೆಂದು ಕೊನೆಯಲ್ಲಿ ಬಳ್ಳಿಗೆ ನೀರು ನಿಲ್ಲಿಸುವುದು ಆ ಕೃಷಿಯ ಪದ್ಧತಿ. ಅಪ್ಪನ ಕಣ್ಣಿಗೆ ಅದು ಕೊಲೆಯಾಗಿ ಕಂಡಿತು.

"ಒಣ್ಗೋಯ್ತಾ ಅವಲ್ಲವ್ವ! ಇವ್ನು ಇಂಗೆ ಬಾಯಾರಿಸ್ಬುಟ್ರೆ ತೂಕ ಎಲ್ಲಿಂದ ಬಂದದು?" ಎಂದು ಅತ್ತೆಯೆದುರು ಮರುಗಿ, ಮೋಟರು ಹಾಕಿಯೇಬಿಟ್ಟರು. ಮಾವ ಬರುವವರೆಗೂ ಆರಿಸಲಿಲ್ಲ. ಹಣ್ಣು ಗುಂಡಗೆ ಊದಿಕೊಂಡಿತು. ಅಪ್ಪನಿಗೆ ತಾವೇ ಹೆತ್ತಷ್ಟು ಸಂತೋಷ.

ಕಂಪನಿಯವನು ಬಂದು ಒಂದು ಹಣ್ಣು ಅಗಿದು, ಬೀಜ ಉಗಿದು, ಮುಖ ಸಣ್ಣದು ಮಾಡಿದ. "ನೀರು ಬಿಟ್ಟಿದ್ದೀರಿ. ಸಕ್ಕರೆ ಅಂಶ ಇಳಿದಿದೆ. ಇದು ಒಂಟಿಯಾಗಿ ನಿಲ್ಲಲ್ಲ, ಬ್ಲೆಂಡ್ ಮಾಡ್ಬೇಕು."

"ಅಂಗಂದ್ರೆ?" ಎಂದ ಮಾವ.

"ಬೇರೆ ತೋಟದ ವೈನ್ ಜೊತೆ ಸೇರಿಸೋದು. ಅಂದ್ರೆ ಬೆರಕೆ."

ಪಾಪ, ಅವನು ಹೊರಗಿನವನು. ನಮ್ಮ ಕಡೆ ಯಾರನ್ನಾದರೂ 'ಬೆರಕೆ ನನ್ಮಗ' ಎಂದರೆ ಮಹಾ ಕಿಲಾಡಿ, ನಂಬಿಕೆಗೆ ಆಗದವನು ಎಂದರ್ಥ. ಮಾವ ಟವೆಲು ಕೊಡವಿ ಎದ್ದ. "ನಮ್ ತೋಟದ್ ಅಣ್ಣು ಬೆರಕೆನಾ? ಕೊಡಕ್ಕಿಲ್ಲ ವೋಗಯ್ಯ! ಕುರಿಗಾಕ್ತೀನಿ!" ಅಪ್ಪ ಜಗುಲಿಯ ಕಂಬವೊಂದನ್ನು ಹಿಡಿದುಕೊಂಡು ನೆಲ ನೋಡುತ್ತಿದ್ದರು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಬೆರ್ಕೆ ಸೊಪ್ಪಿನ್ ಸಾರು ಮಾಡಿದ್ ದಿನ ಇನ್ನೊಂದ್ ಮುದ್ದೆ ಆಕು ಅಂತೀರಿ. ಬರೀ ದಂಟ್ ಸೊಪ್ಪು ಬೇಯ್ಸಿದ್ರೆ ಮೂತಿ ತಿರುವ್ತೀರಿ. ಸೊಪ್ಪು ಬೆರ್ಕೆ ಆದ್ರೆ ರುಚಿ, ಅಣ್ಣು ಬೆರ್ಕೆ ಆದ್ರೆ ಮಾನ ಓದದಾ?"

ನಿಮಗೆ ಗೊತ್ತಲ್ಲ, ಬೆರಕೆ ಸೊಪ್ಪಿನ ಸಾರೆಂದರೆ ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ, ಗಣಿಕೆ, ಹೊನಗೊನೆ ಎಲ್ಲವನ್ನೂ ಮಡಿಲಿಗೆ ಕಿತ್ತು ತಂದು ಒಂದೇ ಪಾತ್ರೆಗೆ ಹಾಕುವುದು. ಒಂದರ ಕಹಿ ಇನ್ನೊಂದು ನುಂಗಬೇಕು. ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಹಣ್ಣು ತೂಗಲು ಹೇಳಿದ. ಹಣ್ಣು ಹೋಯಿತು, ಊರಿನ ಹೆಸರಿಲ್ಲದ ಬಾಟಲಿ ಬಂತು.

ಅಪ್ಪ ಸುಮ್ಮನಿರುವ ಆಸಾಮಿಯಲ್ಲ. ನಾಲೆಗಿಂತ ಎತ್ತರದಲ್ಲಿದ್ದ ದಿಬ್ಬದ ತುಂಡಿನಲ್ಲಿ ತಾವೂ ಬಳ್ಳಿ ಹಾಕಿದರು. ಅದು ಕ್ಯಾಬರ್ನೆ ಎಂಬ ತಳಿ. ಅಪ್ಪನ ಬಾಯಲ್ಲಿ ಕ್ಯಾಬಿನೆಟ್ಟು. "ಪುಟ್ಟಸ್ವಾಮೀದು ಸಿರಾಜು, ನಮ್ದು ಕ್ಯಾಬಿನೆಟ್ ದರ್ಜೆ," ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದರು. ನೀರು ಬಿಡಬಾರದೆಂದು ಆಣೆ ಮಾಡಿಯೂ, ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಮೋಟರಿನ ಬಳಿ ಹೋಗಿ ನಿಂತಿರುತ್ತಿದ್ದರು.

ಅಪ್ಪನ ಬಳ್ಳಿ ಫಲಕ್ಕೆ ಬಂದ ವರ್ಷವೇ ಮಾವನ ಹಣ್ಣು ಅಂತೂ ಅಚ್ಚುಕಟ್ಟಾಗಿ ಬಂತು. ಅವತ್ತು ನಾನು ಮಾವನ ಜಗುಲಿಯಲ್ಲೇ ಕಾಫಿ ಕುಡಿಯುತ್ತಿದ್ದೆ. ಕಂಪನಿಯವನು ನಗುತ್ತಾ, "ಈ ಸಲ ನಿಮ್ಮದನ್ನೇ ಬೇರೆ ಮಾಡ್ತೀವಿ, ಊರಿನ ಹೆಸರು ಹಾಕ್ತೀವಿ," ಎಂದ.

"ಬಾವುನ್ ಅಣ್ಣು?" ಎಂದ ಮಾವ.

"ಅದು ನೀರು. ನಮಗೆ ಬೇಡ."

ಮಾವ ಹೊಲದ ಕಡೆ ನೋಡಿದ. ತಲೆ ಕೆರೆದುಕೊಂಡ. "ಅಂಗಾರೆ ನಂದೂ ಬ್ಯಾಡ. ತಕಂಡ್ರೆ ಎಲ್ಡೂ ತಕಳಿ, ಬೆರ್ಸಿ. ಎಸ್ರೂ ಬ್ಯಾಡ, ಏನೂ ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪುಂಗೆ ಏಳಿದ್ಯೋ, ಕಾಲ್ ಮುರೀತೀನಿ ಕಣ್ಲಾ," ಎಂದ. ನಾನು ಹೇಳಲಿಲ್ಲ. ಕಂಪನಿಯವನು ಎರಡು ತೋಟದ ಹಣ್ಣನ್ನೂ ತೂಗಿಸಿಕೊಂಡು ಹೋದ.

ವೈನು ಮಾಡುವ ಜಾಗಕ್ಕೆ ಒಮ್ಮೆ ಅಪ್ಪ, ಮಾವ, ನಾನು ಮೂವರೂ ಹೋಗಿದ್ದೆವು. ಸ್ಟೀಲಿನ ಕೊಳಗಗಳಲ್ಲಿ ಸಿಪ್ಪೆ ಮೇಲೆ ತೇಲಿ ಬುರಬುರ ಎನ್ನುತ್ತಿತ್ತು. ಕೆಲಸದವರು ಅದನ್ನು ಕೋಲಿನಿಂದ ಒತ್ತಿ ಮುಳುಗಿಸುತ್ತಿದ್ದರು, ಬಣ್ಣವೆಲ್ಲ ಸಿಪ್ಪೆಯಿಂದಲೇ ಬರುವುದಂತೆ. ಹುಳಿ ಬಂದು ಮಾಗಿದ ಹಿಂದಿನ ಫಸಲಿನ ರಸವನ್ನು ಬೇರೆ ಬೇರೆ ಲೋಟಕ್ಕೆ ಹಿಡಿದು ಕೊಟ್ಟರು. ಮಾವನದು ನನ್ನ ನಾಲಗೆಯನ್ನು ಕಚ್ಚಿ ಹಿಡಿಯಿತು. ಅಪ್ಪನದು ಬಾಯಲ್ಲಿ ಇತ್ತೋ ಇಲ್ಲವೋ. ಆಮೇಲೆ ಗಾಜಿನ ಅಳತೆಯಲ್ಲಿ ಮಾವನದಕ್ಕೆ ಅಪ್ಪನದನ್ನು ಸ್ವಲ್ಪವೇ ಹೊಯ್ದು ಕೊಟ್ಟರು. ಕಚ್ಚುವುದು ಬಿಟ್ಟು ಮೆಲ್ಲಗೆ ಒಳಗಿಳಿಯಿತು. ಅಪ್ಪ ನಾಲಗೆಗೆ ಮುಟ್ಟಿಸಿಕೊಂಡು ಕಣ್ಣರಳಿಸಿದರು. "ನೋಡ್ದಾ ಪುಟ್ಟಸ್ವಾಮಿ, ನಮ್ಮುದ್ ಸೇರಿದ್ ಮ್ಯಾಲೇ ಕಣಪ್ಪ ರುಚಿ ಬಂದಿದ್ದು."

"ಊಂ ಬಾವ," ಎಂದ ಮಾವ.

ಕೊನೆಯವರೆಗೂ ಅಪ್ಪ ಹಾಗೇ ನಂಬಿಕೊಂಡಿದ್ದರು. ಅವರು ಹೋದ ಮೇಲೆ ದಿಬ್ಬದ ತೋಟ ನನ್ನ ಪಾಲಿಗೆ ಬಂತು, ಅಂದರೆ ಪಾಳು ಬಿತ್ತು. ಗುಳಿಗೆ ಮಾರುವವನಿಗೆ ಬಳ್ಳಿ ಸವರಲು ಎಲ್ಲಿ ಬರುತ್ತದೆ? ಕಿತ್ತು ಕಬ್ಬು ಹಾಕುವುದೆಂದು ಟ್ರಾಕ್ಟರಿನವನಿಗೆ ಹೇಳಿಯಾಗಿದೆ. ಹೀಗೆ ಅಪ್ಪನ ಹಣ್ಣು ನಿಂತದ್ದರಿಂದಲೇ ಮಾವನದು ಈ ಸಲ ಒಂಟಿಯಾಗಿ, ಊರಿನ ಹೆಸರು ಹೊತ್ತು ಬಂದಿದೆ.

ಒಂದು ಗುಟುಕು ಕುಡಿದೆ. ಕಚ್ಚಿತು. ಅಭಿನಂದಿಸೋಣವೆಂದು ಮಾವನಿಗೆ ಫೋನು ಮಾಡಿದೆ.

"ಊರ್ ಎಸ್ರು ಬಂದ್ಬುಡ್ತಲ್ಲ ಮಾವ!"

"ಬಂತು ಕಣ್ಲಾ. ಎಲ್ಲಾ ಬಂದ್ ನೋಡ್ಕಂಡೋದ್ರು." ದನಿಯಲ್ಲಿ ಸಂಭ್ರಮವೇ ಇಲ್ಲ. "ನಿಮ್ಮಪ್ಪ ಇದ್ದಿದ್ರೆ, ನಂದಿಲ್ದೆ ಅದೆಂಗ್ಲಾ ಮಾಡ್ದೆ ಅಂತ ಜಗಳುಕ್ಕೆ ಬರೋರು."

ಅಪ್ಪ ಸತ್ತಾಗಲೂ ಬಾರದಷ್ಟು ಅಳು ನನಗೆ ಆಗ ಬಂತು.

"ಬಾವುನ್ ಬಳ್ಳಿ ಕಿತ್ಬುಟ್ಯಾ?" ಎಂದು ಮಾವ ಕೇಳಿದ.

"ಇಲ್ಲ ಮಾವ, ಅವೆ. ಒಣ್ಗೋಗವೆ."

"ಬೇರ್ ಬದ್ಕಿರ್ತವೆ ಕಣ್ಲಾ. ನೀರ್ ಬುಡು. ಬೇಕಾದಷ್ಟು ಬುಡು."

ಟ್ರಾಕ್ಟರಿನವನಿಗೆ ಬರಬೇಡವೆಂದು ಹೇಳಿ, ಶಟರು ಎಳೆದು, ಪಾಂಡವಪುರದ ಬಸ್ಸು ಹತ್ತಿದೆ.